ನಿಂಬೆಹಣ್ಣು ಕೇಳುತ್ತಿದ್ದ ಟ್ರೇಲರಣ್ಣ

ಟ್ರೇಲರಣ್ಣನ ಎಡಗೈಯಲ್ಲಿ ಮೂರೇ ಬೆರಳು. ಕಿರುಬೆರಳು, ಉಂಗುರದ ಬೆರಳು ಎರಡೂ ಬುಡದಲ್ಲೇ ಹೋಗಿ, ಆ ಜಾಗದಲ್ಲಿ ಗಂಟುಗಂಟಾದ ಚರ್ಮ ಹೊಳೆಯುತ್ತಿತ್ತು. ಚಳಿ ಬಂದರೆ ಅದು ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಚಹಾದ ಲೋಟವನ್ನು ಉಳಿದ ಮೂರರಲ್ಲಿ ಇಕ್ಕಳದ ಹಾಗೆ ಹಿಡಿದು, ಒಂದೇ ಗುಟುಕಿಗೆ ಗಂಟಲಿಗೆ ಸುರಿದುಕೊಂಡು, ಲೋಟವನ್ನು ಕುಕ್ಕುತ್ತಿದ್ದರು. ಹೊಸಬರು ಯಾರಾದರೂ ಕೈಯನ್ನೇ ದಿಟ್ಟಿಸಿದರೆ, "ಏನ್ ನೋಡ್ತೀಯಲೇ, ಎಣಸಾಕ ಬರಲ್ಲೇನು?" ಎಂದು ಗದರುತ್ತಿದ್ದರು. ಆ ಎರಡು ಬೆರಳು ಹೋದದ್ದು ನನ್ನ ಕುತ್ತಿಗೆಯ ಬದಲಿಗೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶಿಕಾರಿಪುರದಲ್ಲಿ ಅವರದೊಂದು ಉದ್ದನೆಯ ಟ್ರೇಲರ್ ಇತ್ತು. ಕೆಟ್ಟು ನಿಂತ ಬಸ್ಸು, ಭತ್ತ ಕೊಯ್ಯುವ ಯಂತ್ರ, ಮಣ್ಣು ಅಗೆಯುವ ಯಂತ್ರ, ಹೀಗೆ ತನ್ನ ಕಾಲ ಮೇಲೆ ತಾನು ಹೋಗಲಾರದ ಗಾಡಿಗಳನ್ನೆಲ್ಲ ಅದರ ಮೇಲೆ ಹೇರಿ ಮನೆ ಮುಟ್ಟಿಸುವುದು ಅವರ ಕಸುಬು. ಓಡಿಸಲು ಒಬ್ಬ ಡ್ರೈವರ್ ಇದ್ದ. ಆದರೂ ಪ್ರತಿ ಬಾಡಿಗೆಗೂ ಅವರೇ ಬರುತ್ತಿದ್ದರು, ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಅವನನ್ನು ಬೈಯುತ್ತಿದ್ದರು. ಅವರ ಸಿಟ್ಟು ಇಡೀ ಪೇಟೆಗೆ ಗೊತ್ತಿತ್ತು. ಎಳೆಯುವ ಹಗ್ಗದ ಕೆಳಗೆ ನುಸುಳಿದವನೊಬ್ಬನಿಗೆ ಕಿವಿ ಗುಂಯ್‌ಗುಡುವಂತೆ ಬಾರಿಸಿದ್ದರು. ಆಮೇಲೆ ಅವನನ್ನೇ ಕರೆದುಕೊಂಡು ಹೋಗಿ ಮಂಡಕ್ಕಿ ಮಿರ್ಚಿ ತಿನ್ನಿಸಿದರಂತೆ. ಹೆಂಡತಿಯ ಮೇಲೂ ಕೈ ಎತ್ತುತ್ತಿದ್ದರೇ ಎಂದು ನಾನು ಒಮ್ಮೆ ಅತ್ತಿಗೆಯನ್ನು ನೇರವಾಗಿಯೇ ಕೇಳಿದ್ದೆ. "ಒಂದ್ಸಲ ಎತ್ತಿದ್ರು. ನಾನೂ ಒಲಿ ಮ್ಯಾಲಿನ ಹಂಚು ಎತ್ತಿದೆ. ಮತ್ತ ಎತ್ತಲಿಲ್ಲ" ಎಂದಿದ್ದರು ಆಕೆ, ರೊಟ್ಟಿ ತಟ್ಟುತ್ತಲೇ.

ನಾನು ಅವರನ್ನು ಹುಡುಕಿಕೊಂಡು ಹೋದದ್ದು ಆ ಸಿಟ್ಟಿಗಾಗಿಯೇ. ನನ್ನ ಗಂಡನಿಗೆ ಒಂದು ಹಳೆಯ ಲಾರಿ ಇತ್ತು. ಸಂತೆಯಿಂದ ಸಂತೆಗೆ ಕುರಿ ಸಾಗಿಸುವ ಲಾರಿ. ನಮ್ಮ ಸಂಸಾರ ಅದರ ಚಕ್ರದ ಮೇಲೆಯೇ ನಡೆದಿತ್ತು. ಅವನು ಕಾಮಾಲೆಯಲ್ಲಿ ತೀರಿಕೊಂಡಾಗ ಲಾರಿ ಚಂದ್ರಗುತ್ತಿಯ ಹತ್ತಿರ, ಅವನ ಅಣ್ಣನ ಅಂಗಳದಲ್ಲಿತ್ತು. ನಾನು ಉಡುತಡಿಯ ತವರಿಗೆ ಬಂದೆ, ಲಾರಿ ಅಲ್ಲಿಯೇ ಉಳಿಯಿತು. ಎರಡು ಮಳೆಗಾಲ ನೆನೆದು ಇಂಜಿನ್ ಕಚ್ಚಿಕೊಂಡಿತು, ಟೈರುಗಳು ಮಣ್ಣಿಗಿಳಿದವು. ಅದನ್ನು ತಂದು ರಿಪೇರಿ ಮಾಡಿಸಿದರೆ ನಾನು ಯಾರ ಮುಂದೆಯೂ ಕೈ ಚಾಚದೆ ಬದುಕಬಹುದಿತ್ತು. ತರದಿದ್ದರೆ ಉಳಿದ ಆಯುಷ್ಯವೆಲ್ಲ ದೊಡ್ಡಪ್ಪನ ಮಕ್ಕಳ ಹಟ್ಟಿಯಲ್ಲಿ ಕುರಿಯ ಹಿಕ್ಕೆ ಬಳಿಯುವುದೇ ಗತಿ. ಊರ ಹಿರಿಯರು ಕೂತು ಲಾರಿ ನನ್ನದೇ ಎಂದು ಹೇಳಿದ್ದರು. ಭಾವ ಮಾತ್ರ, "ಒಯ್ಯಕ್ಕೆ ಬಂದವ್ರ ಕಾಲು ಮುರೀತೀನಿ" ಎಂದು ಹೇಳಿ ಕಳಿಸಿದ್ದ. ಹಾಗಾಗಿ ನನಗೆ ಟ್ರೇಲರ್ ಒಂದೇ ಸಾಲದು, ಹೊಡೆಯಬಲ್ಲ ಗಂಡಸೊಬ್ಬನೂ ಬೇಕಿತ್ತು.

ಇದನ್ನೆಲ್ಲ ಮುಚ್ಚಿಡದೆ ಹೇಳಿದೆ. ಟ್ರೇಲರಣ್ಣ ಹಲ್ಲಿನ ಸಂದಿಯಲ್ಲಿ ಕಡ್ಡಿ ಆಡಿಸುತ್ತ ಕೇಳಿ, "ಬರ್ತೀನಿ ತಂಗಿ. ನಿಂಬಿಹಣ್ಣು ಎರಡು ತಗೋ" ಎಂದರು. ಅಷ್ಟೇ.

ನಿಂಬೆಹಣ್ಣಿನದು ಅವರ ಕಟ್ಟಳೆ. ಗಾಡಿ ಒಂದು ಮನೆಯಿಂದ ಹೊರಡುವಾಗ ಆ ಮನೆಯವರೇ ತಮ್ಮ ಕೈಯಿಂದ ಚಕ್ರದ ಮುಂದೆ ಒಂದು ಹಣ್ಣು ಇಡಬೇಕು. ಹೊಸ ಮನೆಯಲ್ಲಿ ಇಳಿಯುವಾಗ ಆ ಮನೆಯವರು ಇನ್ನೊಂದು ಇಡಬೇಕು. ಚಕ್ರ ಅದನ್ನು ಒಡೆದುಕೊಂಡು ಹೋಗಬೇಕು. ಮನೆಯವರು ಕೈಯಾರೆ ಬಿಟ್ಟುಕೊಡದ ಗಾಡಿ ದಾರಿಯಲ್ಲಿ ಮಗುಚುತ್ತದೆ ಎಂದು ಅವರ ನಂಬಿಕೆ. ದೊಡ್ಡ ದೊಡ್ಡ ಗುತ್ತಿಗೆದಾರರನ್ನೂ ಈ ಹಣ್ಣಿಗಾಗಿ ಬಿಸಿಲಲ್ಲಿ ನಿಲ್ಲಿಸಿಕೊಂಡವರು ಅವರು.

ನಾವು ಹೋದಾಗ ಅಂಗಳದಲ್ಲಿ ಯಾರೂ ಇರಲಿಲ್ಲ. ಮನೆಯ ಬಾಗಿಲು ಹಾಕಿತ್ತು. ಬೇಗ ಹೇರಿಕೊಂಡು ಹೊರಟುಬಿಡೋಣ ಎಂದು ನಾನು ಅವಸರ ಮಾಡುತ್ತಿದ್ದೆ. ಲಾರಿಯ ಸುತ್ತ ಬೆಳೆದಿದ್ದ ಮುಳ್ಳುಗಂಟಿ ಕಡಿದು, ಟೈರಿಗೆ ಗಾಳಿ ತುಂಬಿ, ಉಕ್ಕಿನ ಹಗ್ಗ ಬಿಗಿದದ್ದೂ ಆಯಿತು. ಇನ್ನು ಎಳೆಯುವುದೊಂದೇ ಬಾಕಿ. ಆಗ ಈ ಮಹಾನುಭಾವ ನಿಂಬೆಹಣ್ಣು ಹಿಡಿದುಕೊಂಡು ನೇರ ಹೋಗಿ ಬಾಗಿಲು ಬಡಿಯತೊಡಗಿದರು.

"ಅಣ್ಣಾ, ಬ್ಯಾಡ. ಹಣ್ಣು ನಾನಾ ಇಡ್ತೀನಿ" ಎಂದು ನಾನು ಗಾಡಿಯ ಹಿಂದಿನ ಚಕ್ರದ ಹತ್ತಿರ ನಿಂತು ಹಲ್ಲು ಕಚ್ಚಿ ಹೇಳಿದೆ.

"ನೀ ತಗೊಂಡು ಹೋಗಾಕಿ. ಬಿಡೋರು ಇವ್ರು. ಇವ್ರ ಕೈ ಬೇಕು."

ಬಾಗಿಲು ತೆರೆಯಿತು. ಭಾವನ ಕೈಯಲ್ಲಿ ಕಟ್ಟಿಗೆ ಕಡಿಯುವ ಮಚ್ಚು. ಅವನು ಟ್ರೇಲರಣ್ಣನ ಕಡೆ ತಿರುಗಿಯೂ ನೋಡಲಿಲ್ಲ. ಅವರನ್ನು ಭುಜದಿಂದ ನೂಕಿ ಮೆಟ್ಟಿಲು ಹಾರಿ ನನ್ನ ಕಡೆಗೇ ಬಂದ. "ತಮ್ಮನ್ನ ತಿಂದ್ಕೊಂಡಿ, ಈಗ ಅವನ ಗಾಡಿನೂ ಬೇಕಾ ನಿಂಗೆ?" ಎಂದು ಕೂಗಿದ್ದು ಕೇಳಿಸಿತು. ನಾನು ಓಡಬಹುದಿತ್ತು. ಓಡಲಿಲ್ಲ, ಯಾಕೆಂದರೆ ನನಗೂ ಅಷ್ಟೇ ಸಿಟ್ಟು ಬಂದಿತ್ತು. ಚಕ್ರಕ್ಕೆ ಬೆನ್ನು ಕೊಟ್ಟು ಕಲ್ಲು ಎತ್ತಿಕೊಂಡೆ. ಮಚ್ಚು ಮೇಲೆದ್ದಿತು. ಟ್ರೇಲರಣ್ಣ ಯಾವಾಗ ಬಂದರೋ, ಭಾವನ ಹಿಂದಿನಿಂದ ಎಡಗೈ ಅಡ್ಡ ಹಾಕಿದರು. ಮಚ್ಚು ಅವರ ಎರಡು ಬೆರಳು ಕಡಿದುಕೊಂಡು ಟೈರಿಗೆ ಕಚ್ಚಿತು. ನನ್ನ ಮುಖ, ಎದೆ, ಸೆರಗು ಎಲ್ಲ ರಕ್ತವಾಯಿತು. ನನ್ನದೇ ರಕ್ತ ಎಂದುಕೊಂಡೆ.

ಆಮೇಲಿನದು ನೋಡುವ ಹಾಗಿರಲಿಲ್ಲ. ನಾನು ಮಾತ್ರ ಕಣ್ಣು ಮಿಟುಕಿಸದೆ ನೋಡಿದೆ. ಅವರು ಬಲಗೈ ಮುಷ್ಟಿಯಿಂದ ಭಾವನ ಬಾಯಿಗೆ ಗುದ್ದಿದರು, ಹಲ್ಲು ಮುರಿದು ತುಟಿಯಿಂದಾಚೆ ಬಂತು. ಹೊಟ್ಟೆಗೆ ಒದ್ದರು. ಬಿದ್ದವನ ಎದೆಯ ಮೇಲೆ ಮಂಡಿಯೂರಿ ಮತ್ತೆ ಗುದ್ದಿದರು. ಕೈಯಿಂದ ರಕ್ತ ಸುರಿಯುತ್ತಿತ್ತು, ಅದರ ಖಬರೇ ಇರಲಿಲ್ಲ. ಡ್ರೈವರ್ ಬಂದು ಸೊಂಟ ಹಿಡಿದು ಎಳೆಯದಿದ್ದರೆ ಆ ದಿನ ಭಾವ ಉಳಿಯುತ್ತಿರಲಿಲ್ಲ. ಟವೆಲ್ಲಿನಿಂದ ಕೈ ಕಟ್ಟಿಸಿಕೊಂಡು, ಭಾವನನ್ನು ಕೂದಲು ಹಿಡಿದು ಚಕ್ರದವರೆಗೆ ಎಳೆತಂದು, ಧೂಳಲ್ಲಿ ಬಿದ್ದಿದ್ದ ನಿಂಬೆಹಣ್ಣನ್ನು ಅವನ ಕೈಗೆ ತುರುಕಿದರು.

"ಇಡಲೇ."

ಭಾವ ಹಣ್ಣು ಹಿಡಿದುಕೊಂಡು ಅಳತೊಡಗಿದ. "ನನ್ ತಮ್ಮನ ಗಾಡಿ ಮಾರಾಯ ಅದು. ಅವನ ಬೆವರಿನ ವಾಸನೆ ಐತೆ ಅದ್ರಾಗೆ. ಇದೂ ಹೋದ್ರೆ ನಂಗೇನುಳೀತು?"

"ಅದಕ್ಕಾ ನಿನ್ ಕೈ ಬೇಕಂದಿದ್ದು ಮಂಗ್ಯಾ. ಬಾಗ್ಲು ತಗದು ಇಟ್ಟಿದ್ರ ಇಬ್ರಿಗೂ ಸುಖ ಇತ್ತು" ಎಂದರು ಟ್ರೇಲರಣ್ಣ. ಭಾವ ಹಣ್ಣು ಇಟ್ಟ. ಚಕ್ರ ಅದನ್ನು ಒಡೆದುಕೊಂಡು ಟ್ರೇಲರ್ ಹತ್ತಿತು.

ಸೊರಬದ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಟ್ರೇಲರಣ್ಣ, "ಸರಪಳಿಗೆ ಸಿಕ್ತು ಸಾರ್" ಎಂದುಬಿಟ್ಟರು. ಭಾವನನ್ನು ಜೈಲಿಗೆ ಹಾಕಿಸಿಯೇ ಸಿದ್ಧ ಎಂದು ನಾನು ಹಾರಾಡಿದೆ. "ಗಾಡಿ ಒಯ್ಯಾಕ ಬಂದೀನಿ, ಮನಶ್ಯಾನ್ನ ಒಯ್ಯಾಕಲ್ಲ. ಸುಮ್ನ ಕೂಡು" ಎಂದು ಎಲ್ಲರೆದುರು ನನ್ನನ್ನೇ ಗದರಿದರು. ನನಗೆ ಆಗ ಅದು ಒಪ್ಪಿಗೆಯಾಗಲಿಲ್ಲ. ಇವತ್ತಿಗೂ ಪೂರ್ತಿ ಒಪ್ಪಿಗೆಯಿಲ್ಲ.

ಶಿರಾಳಕೊಪ್ಪದ ದಾರಿ ಹಿಡಿದು ಉಡುತಡಿಗೆ ಬರುವಾಗ ಹೊತ್ತು ಇಳಿದಿತ್ತು. ನಮ್ಮ ಬೀದಿಯೆಲ್ಲ ನೆರೆದಿತ್ತು. ಲಾರಿ ಇಳಿಸುವ ಮುಂಚೆ ಎರಡನೆಯ ಹಣ್ಣು ಇಡಬೇಕಲ್ಲ, ದೊಡ್ಡಪ್ಪ ಕುಂಕುಮದ ತಟ್ಟೆ ಹಿಡಿದು ತನ್ನ ಸೊಸೆಯನ್ನು ಕರೆದ. ಗಂಡ ಸತ್ತವಳ ಕೈ ಶುಭಕ್ಕೆ ಬೇಡ ಎಂದು ಜನವೂ ತಲೆಯಾಡಿಸಿತು. ನಾನು ತಲೆ ತಗ್ಗಿಸಿ ಹಿಂದೆ ಸರಿದೆ. ಮಚ್ಚಿಗೆ ಹಿಂದೆ ಸರಿಯದಿದ್ದವಳು ಕುಂಕುಮದ ತಟ್ಟೆಗೆ ಸರಿದಿದ್ದೆ.

ಟ್ರೇಲರಣ್ಣ ಆ ತಟ್ಟೆಗೆ ಒದ್ದರು. ಅದು ಠಣಠಣ ಎಂದು ಚರಂಡಿಯವರೆಗೆ ಉರುಳಿತು, ಕುಂಕುಮ ದೊಡ್ಡಪ್ಪನ ಬಿಳಿ ಅಂಗಿಯ ತುಂಬ ಚೆಲ್ಲಿತು.

"ಗಾಡಿ ಯಾರ್ದು?" ಎಂದು ಅರಚಿದರು. "ಗಾಡಿ ಅಕೀದು ಅಂದಮ್ಯಾಲೆ ಕೈನೂ ಅಕೀದಾ ಆಗ್ಬೇಕು. ಬ್ಯಾರೇರು ಮುಟ್ಟಿದ್ರ ಇಲ್ಲೇ ಕೈ ಮುರೀತೀನಿ. ಬಾ ತಂಗಿ, ಇಡು."

ನಾನು ಇಟ್ಟೆ. ಲಾರಿ ಇಳಿಯಿತು. ರಿಪೇರಿಯಾಗಿ ಇವತ್ತಿಗೂ ಓಡುತ್ತಿದೆ, ನಾನೇ ಮುಂದೆ ಕೂತು ಸಂತೆಗೆ ಹೋಗುತ್ತೇನೆ.

ಮರುದಿನ ಲಾರಿ ತೊಳೆಯುವಾಗ ಹಿಂದಿನ ಜೋಡಿ ಚಕ್ರಗಳ ನಡುವೆ ಒಂದು ಬೆರಳು ಸಿಕ್ಕಿತು. ಇನ್ನೊಂದು ಎಲ್ಲಿ ಬಿತ್ತೋ ದೇವರೇ ಬಲ್ಲ. ನನಗೆ ವಾಂತಿ ಬಂತು. ಆಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿ, ಕುರಿಹಟ್ಟಿಯ ಹಿಂದಿನ ನುಗ್ಗೆ ಮರದ ಕೆಳಗೆ ಹೂತು, ಮೇಲೊಂದು ಚಪ್ಪಡಿ ಕಲ್ಲು ಇಟ್ಟೆ. ಟ್ರೇಲರಣ್ಣನಿಗೆ ಹೇಳಿದಾಗ ಬಿದ್ದು ಬಿದ್ದು ನಕ್ಕರು. ಅಂದಿನಿಂದ ನಮ್ಮೂರ ಮೇಲೆ ಹಾದಾಗಲೆಲ್ಲ ಟ್ರೇಲರ್ ನಿಲ್ಲಿಸಿ, ಇಳಿಯದೆಯೇ ಕೂಗುತ್ತಿದ್ದರು: "ನನ್ನ ಬೆರಳು ಹೆಂಗೈತಿ ತಂಗಿ?"

"ಆರಾಮೈತಿ ಅಣ್ಣಾ."

"ಚಲೋ ನೋಡ್ಕೋ!"

ಅವರು ಹೋದದ್ದೂ ಹೊಡೆತ ತಿಂದೇ. ಕಳೆದ ಬೇಸಿಗೆ ಅಂಬ್ಲಿಗೊಳದ ಹತ್ತಿರ ಮಣ್ಣು ಅಗೆಯುವ ಯಂತ್ರವನ್ನು ಟ್ರೇಲರಿಗೆ ಎಳೆಯುವಾಗ ಉಕ್ಕಿನ ಹಗ್ಗ ಹರಿದು, ಚಾಟಿಯಂತೆ ಬಂದು ಎದೆಗೆ ಬಡಿಯಿತು. ಆಸ್ಪತ್ರೆ ಸೇರುವಷ್ಟರಲ್ಲಿ ಜೀವ ಹೋಗಿತ್ತು. ಸುದ್ದಿ ಕೇಳಿ ನಾನು ಲಾರಿಯ ಚಕ್ರಕ್ಕೆ ಹಣೆ ಚಚ್ಚಿಕೊಂಡು ಅತ್ತೆ. ನನ್ನ ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಅವರಿಗೆ ಮಕ್ಕಳಿರಲಿಲ್ಲ. ಟ್ರೇಲರ್ ಮಾರಾಟವಾಗಿ ಬೇರೆ ಊರಿನವರ ಪಾಲಾಯಿತು. ಅದನ್ನು ಒಯ್ಯುವ ದಿನ ನಾನು ಶಿಕಾರಿಪುರಕ್ಕೆ ಹೋದೆ. ಅವರ ಡ್ರೈವರ್ ಕಣ್ಣೊರೆಸಿಕೊಳ್ಳುತ್ತ ನಿಂಬೆಹಣ್ಣು ಹಿಡಿದು ನಿಂತಿದ್ದ. ಟ್ರೇಲರಣ್ಣನ ತಮ್ಮ ತನ್ನ ಹೆಂಡತಿಯನ್ನು ಕರೆದು, "ನೀ ಇಡು" ಎಂದ. ಅತ್ತಿಗೆ ಬಾಗಿಲ ಸಂದಿಯಲ್ಲಿ ತಲೆ ತಗ್ಗಿಸಿ ಹಿಂದೆ ಸರಿದು ನಿಂತಿದ್ದರು. ಆ ಸರಿಯುವುದು ನನಗೆ ಚೆನ್ನಾಗಿ ಗೊತ್ತಿತ್ತು.

ನಾನು ಹೋಗಿ ಡ್ರೈವರ್ ಕೈಯಿಂದ ಹಣ್ಣು ಕಿತ್ತುಕೊಂಡೆ. ಟ್ರೇಲರಣ್ಣನ ತಮ್ಮ ನನ್ನ ರಟ್ಟೆ ಹಿಡಿದ. ಎರಡೂ ಕೈಯಿಂದ ನೂಕಿದೆ, ಹೋಗಿ ಹಳೆ ಟೈರುಗಳ ಮೇಲೆ ಬಿದ್ದ. ಏಳಲು ನೋಡಿದಾಗ ಚಪ್ಪಲಿ ತೆಗೆದೆ.

"ಗಾಡಿ ಯಾರ್ದು?" ಎಂದು ಕೂಗಿದೆ. ಗಂಟಲು ಒಡೆದು ನನ್ನ ದನಿಯೇ ನನಗೆ ಗುರುತು ಸಿಗಲಿಲ್ಲ. "ಹೇಳ್ರಿ, ಗಾಡಿ ಯಾರ್ದು? ಬ್ಯಾರೇರು ಮುಟ್ಟಿದ್ರ ಕೈ ಮುರೀತೀನಿ!"

ಯಾರೂ ಮುಂದೆ ಬರಲಿಲ್ಲ. ಅತ್ತಿಗೆ ಹೊಸ್ತಿಲು ದಾಟಿ ಬಂದು, ನನ್ನ ಕೈಯಿಂದ ಹಣ್ಣು ತೆಗೆದುಕೊಂಡು, ಬಗ್ಗಿ ಚಕ್ರದ ಮುಂದೆ ಇಟ್ಟರು. ಚಕ್ರ ಅದರ ಮೇಲೆ ಹಾಯಿತು. ಟ್ರೇಲರ್ ತಿರುವಿನಲ್ಲಿ ಮರೆಯಾಗುವವರೆಗೂ ಇಬ್ಬರೂ ನಿಂತಿದ್ದೆವು. ಆಮೇಲೆ ಅವರು ಸೆರಗಿನಿಂದ ಮೂಗು ಒರೆಸಿಕೊಂಡು, ನನ್ನ ಕಡೆ ತಿರುಗಿ ಕೇಳಿದರು:

"ಅವ್ರ ಬೆರಳು ಹೆಂಗೈತಿ ತಂಗಿ?"

"ಆರಾಮೈತಿ ಅತ್ತಿಗಿ" ಎಂದೆ.