ನೆರಳು ಮೇಷ್ಟ್ರ ಹೆಜ್ಜೆ

ಕಟ್ಟಡದ ಮಾಲೀಕರು ಗೋಡೆಯ ತೇವ ನೋಡಲೆಂದು ವ್ಯಾಯಾಮದ ಕೋಣೆಗೆ ಬಂದ ದಿನ ನಮ್ಮ ಭಾವ ಅವರ ಬೆನ್ನ ಹಿಂದೆಯೇ ಕುಂಟಿದರು. ಮಾಲೀಕರಿಗೆ ಬಲಗಾಲು ಸ್ವಲ್ಪ ಎಳೆತ. ಭಾವನಿಗೆ ಎರಡು ಕಾಲೂ ನೆಟ್ಟಗಿವೆ. ಆದರೂ ಮಾಲೀಕರು ‘ಇಲ್ಲಿ ಸೋರಿದೆ, ಅಲ್ಲಿ ಉಬ್ಬಿದೆ’ ಎನ್ನುತ್ತ ಉದ್ದಕ್ಕೆ ನಡೆದಂತೆ, ಭಾವನೂ ಕೈಗಳನ್ನು ಹಿಂದೆ ಕಟ್ಟಿಕೊಂಡು ಅದೇ ಕಾಲನ್ನು ಅದೇ ಅಳತೆಗೆ ಎಳೆಯುತ್ತ ಹೋದರು. ಗೋಡೆಯುದ್ದಕ್ಕೂ ಕನ್ನಡಿ. ಚಾಪೆಯ ಮೇಲೆ ಮಲಗಿ ಕಾಲೆತ್ತಿದ್ದ ನಮಗೆ ಕುಂಟುವವರು ಇಬ್ಬರು ಕಂಡರು, ಕನ್ನಡಿಯೊಳಗಿನವರನ್ನೂ ಸೇರಿಸಿಕೊಂಡರೆ ನಾಲ್ವರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ ಕಿಸಕ್ಕೆಂದಳು. ಮಾಲೀಕರು ತಲೆಯೆತ್ತಿ ಕನ್ನಡಿ ನೋಡಿಯೇಬಿಟ್ಟರು.

“ಏನ್ ಮೇಷ್ಟ್ರೇ, ಅಣಕಿಸ್ತಿದ್ದೀರಾ?”

ಭಾವ ತಮ್ಮ ಕಾಲನ್ನು ಅದೇ ಮೊದಲ ಸಲ ಕಂಡವರಂತೆ ನೋಡಿಕೊಂಡರು. ಮುಖ ಕಿವಿಯವರೆಗೂ ಕೆಂಪಾಯಿತು. ಆಮೇಲೆ ಮೆಲ್ಲಗೆ ಹೇಳಿದರು: “ನೋವು ಆ ಕಾಲಲ್ಲಿಲ್ಲ ಸಾರ್, ಎಡ ಸೊಂಟದಲ್ಲಿದೆ. ಮೆಟ್ಟಿಲು ಇಳಿಯೋವಾಗ ಯಾರೋ ಹಿಂದಿನಿಂದ ತಳ್ತಾರೆ ಅಂತ ನಿಮಗೆ ಹೆದರಿಕೆ.”

ಗೋಡೆಯ ವಿಷಯ ಅಲ್ಲಿಗೇ ಒಣಗಿತು. ಮಾಲೀಕರು ಹೋಗುವಾಗ ಮೆಟ್ಟಿಲಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ತಿರುತಿರುಗಿ ಹಿಂದೆ ನೋಡುತ್ತ ಇಳಿದದ್ದನ್ನು ನಾನು ಕಂಡೆ. ಆಗ ಯಾಕೋ ನಗು ಬರಲಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಊರಿನವರ ಬಾಯಲ್ಲಿ ನೆರಳು ಮೇಷ್ಟ್ರು. ಮೊದಲು ಅವರು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದರು. ಪರೀಕ್ಷೆಯ ದಿನ ಮಕ್ಕಳನ್ನು ಸಾಲು ನಿಲ್ಲಿಸಿ ಒಳಗೆ ಕಳಿಸುವುದು ಅವರ ಕೆಲಸ. ಕಳಿಸಿ ಮುಗಿಯುವಷ್ಟರಲ್ಲಿ ಇಡೀ ತರಗತಿಯ ಹೊಟ್ಟೆನೋವು ಅವರೊಬ್ಬರ ಹೊಟ್ಟೆಯಲ್ಲಿ ಸೇರಿ, ಶೀಟಿಯನ್ನು ಯಾರ ಕೈಗೋ ತುರುಕಿ ಓಡುತ್ತಿದ್ದರು. ಹೆಡ್‌ಮೇಷ್ಟ್ರು ಸಹಿಸುವಷ್ಟು ಸಹಿಸಿದರು. ಕೊನೆಗೆ ಭಾವನೇ ಶಾಲೆ ಬಿಟ್ಟು, ಲಾಂಡ್ರಿಯ ಮೇಲಿನ ಕೋಣೆ ಹಿಡಿದು, ನಾಲ್ಕು ಕಬ್ಬಿಣದ ಗುಂಡು, ಒಂದಷ್ಟು ರಬ್ಬರ್ ಚಾಪೆ ಇಟ್ಟುಕೊಂಡು ದೊಡ್ಡವರಿಗೆ ವ್ಯಾಯಾಮ ಹೇಳಿಕೊಡಲು ಕುಳಿತರು. ಕುಳಿತರು ಎಂಬುದು ಮಾತಿಗೆ. ಅವರು ಮಾಡುತ್ತಿದ್ದದ್ದು ನಡೆಯುವುದೇ.

ಹೊಸಬರು ಬಂದರೆ ಮೊದಲ ದಿನ ಗುಂಡು ಮುಟ್ಟುವಂತಿಲ್ಲ. ಕೋಣೆಯ ಈ ತುದಿಯಿಂದ ಆ ತುದಿಗೆ ಸುಮ್ಮನೆ ನಡೆಯಬೇಕು. ಭಾವ ಹಿಂದೆ ಹಿಂದೆ ನಡೆಯುತ್ತಾರೆ, ಅವರ ಹಾಗೆಯೇ. ಒಂದೆರಡು ಸುತ್ತಿನಲ್ಲಿ ಆ ನಡಿಗೆ ಇವರ ಮೈಗೆ ಇಳಿಯುತ್ತದೆ. ಮೈಗೆ ಇಳಿದ ಮೇಲೆ ಮನಸ್ಸಿಗೆ ಹತ್ತುತ್ತದೆ. ಬ್ಯಾಂಕಿನ ಹುಡುಗಿಯ ಭುಜ ಕಿವಿಗೆ ತಾಗುವಷ್ಟು ಮೇಲಿತ್ತು. “ಯಾರೋ ಕೂಗಿ ಬೈತಾರೆ ಅಂತ ಕಾಯ್ತಿದ್ದೀಯಲ್ಲ, ಅವರು ಇಲ್ಲಿಲ್ಲ. ಭುಜದ ಮೇಲೆ ಕೈ ಇಡು, ಅಲ್ಲಿಂದ ಉಸಿರು ಬಿಡು” ಎಂದರು. ಹುಡುಗಿ ಅತ್ತಳು. ಮುಂದಿನ ವಾರ ಅವಳು ಎತ್ತಿದ ಗುಂಡನ್ನು ನನಗೆ ಉರುಳಿಸಲೂ ಆಗಲಿಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಬೆನ್ನು ನೆಟ್ಟಗಿರಲೆಂದು ಅಡಿಪಟ್ಟಿಯಿಂದ ತಟ್ಟುತ್ತಿದ್ದರು. ಅದು ಯಾಕೆ ಬಾಗಿದೆ ಎಂದು ಕೇಳಿದವರು ಭಾವನೊಬ್ಬರೇ. ಅದನ್ನು ತಿಳಿಯಲೆಂದು ನನ್ನ ಹಿಂದೆಯೂ ಅವರು ನಡೆದರು. ನಾನು ಉಸಿರು ಬಿಗಿಹಿಡಿದು ಕಾದೆ.

“ನಿನಗೇನೂ ಇಲ್ಲ ಕಣಮ್ಮ. ಬರೀ ಸೋಮಾರಿತನ.”

ಇಷ್ಟೆಲ್ಲ ಬಲ್ಲವರಿಗೆ ತಮ್ಮ ಮೈ ಮಾತ್ರ ಪರಕೀಯ. ಕಾಲಿಗೆ ಗಾಜು ಹೊಕ್ಕರೆ, ನೆಲದ ಮೇಲಿನ ರಕ್ತ ನೋಡಿ ಅಕ್ಕ ಹೇಳಬೇಕು. ಮೈಮರೆಯುವುದು ಎಂಬ ಮಾತನ್ನು ಇಷ್ಟು ಅಕ್ಷರಶಃ ಪಾಲಿಸಿದವರನ್ನು ನಾನು ಬೇರೆ ಕಂಡಿಲ್ಲ.

ಅಕ್ಕನ ಮನೆಯ ಕೆಳಗಿನ ಮನೆಯಲ್ಲಿ ಗಡಿಯಾರ ರಿಪೇರಿಯವರು ಇದ್ದರು. ದಿನವಿಡೀ ಕಾಲ ನೋಡಿಕೊಳ್ಳುವವರಿಗೆ ಕಾಲು ನೋಡಿಕೊಳ್ಳಲು ಪುರಸೊತ್ತಿರಲಿಲ್ಲ. ಹೆಂಡತಿ ಒತ್ತಾಯ ಮಾಡಿ ಭಾವನ ಹತ್ತಿರ ಕಳಿಸಿದರು. ಅವರದು ವಿಚಿತ್ರ ನಡಿಗೆ. ಎಡ ಹಿಮ್ಮಡಿಯನ್ನು ನೆಲಕ್ಕೆ ಉಜ್ಜುತ್ತ ಸರ್, ಸರ್ ಎಂದು ನಾಲ್ಕು ಹೆಜ್ಜೆ ಹಾಕಿ, ಗಕ್ಕನೆ ನಿಲ್ಲುವರು. ಕೈಗಡಿಯಾರವನ್ನು ಕಿವಿಗಿಟ್ಟು ಆಲಿಸುವವರ ಹಾಗೆ. ಆಗ ಅಂಗೈ ಎದೆಯ ನಡುವೆ ಹೋಗಿ ಒಂದು ಸುತ್ತು ಉಜ್ಜುವುದು. ಮತ್ತೆ ಸರ್, ಸರ್.

ಭಾವ ಅವರ ಹಿಂದೆ ಬಹಳ ಹೊತ್ತು ನಡೆದರು. ನಿಂತಾಗ ತಾವೂ ನಿಂತರು, ತಾವೂ ಎದೆ ಉಜ್ಜಿಕೊಂಡರು. “ಅಣ್ಣನ ಹತ್ರ ಮಾತು ಬಿಟ್ಟು ಎಷ್ಟು ವರ್ಷ ಆಯ್ತು?” ಎಂದು ಕೇಳಿದರು. ಗಡಿಯಾರದವರು ಬೆಚ್ಚಿದರು. “ಹೋಗಿ ಮಾತಾಡಿ ಬನ್ನಿ. ಇದು ಇಳಿಯುತ್ತೆ.”

ಅವರು ಹೋಗಿ ಮಾತಾಡಿ ಬಂದರು. ನಗುನಗುತ್ತ ಬಂದರು. ಅದೇ ವಾರ ಅಂಗಡಿಯಲ್ಲಿ, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆಯೇ ಮೇಜಿನ ಮೇಲೆ ತಲೆಯಿಟ್ಟರು, ಮತ್ತೆ ಎತ್ತಲಿಲ್ಲ. ಹೃದಯ ನಿಂತಿತ್ತು.

ಆಮೇಲಿನದು ಅಕ್ಕ ನನಗೆ ಹೇಳಿದ್ದು. ಸಂಜೆ ಒಲೆಯ ಮುಂದೆ ನಿಂತಿದ್ದಾಳೆ. ಮೆಟ್ಟಿಲಿನಲ್ಲಿ ಸದ್ದು. ಸರ್, ಸರ್. ನಿಂತಿತು. ಮತ್ತೆ ಸರ್, ಸರ್. ಕೈಯ ಸೌಟು ಕೈಯಲ್ಲೇ ಉಳಿಯಿತು. ಹೆಜ್ಜೆ ಕೆಳಮನೆಯ ಬಾಗಿಲು ದಾಟಿ ಮೇಲಕ್ಕೆ, ಇವಳ ಬಾಗಿಲವರೆಗೆ ಬಂತು. ಬಾಗಿಲು ತೆರೆದುಕೊಂಡಿತು.

“ಏನೇ, ದೆವ್ವ ಕಂಡವಳ ಹಾಗೆ ನಿಂತಿದ್ದೀಯ?” ಎಂದರು ಭಾವ.

ಸಾಮಾನ್ಯವಾಗಿ ಅವರು ಹಿಡಿದ ನಡಿಗೆ ಚಹಾ ಕುಡಿಯುವಷ್ಟರಲ್ಲಿ ಬಿಟ್ಟುಹೋಗುತ್ತಿತ್ತು. ಇದು ಹೋಗಲಿಲ್ಲ. ದಿನಗಳುರುಳಿದಂತೆ ಎಡ ಚಪ್ಪಲಿಯ ಹಿಮ್ಮಡಿ ಸವೆದು ಕಾಗದದಷ್ಟಾಯಿತು. ಆಮೇಲೆ ಅಂಗೈ ಎದೆಗೆ ಹೋಗತೊಡಗಿತು. ಆಗ ಅಕ್ಕನಿಗೆ ನಿಜಕ್ಕೂ ದಿಗಿಲಾಯಿತು. “ನಡಿಗೆ ಬಂದಿದೆ, ಕೈ ಬಂದಿದೆ. ಅವರಿಗೆ ಆಮೇಲೆ ಏನು ಬಂತು ಅಂತ ಗೊತ್ತಲ್ಲ” ಎಂದಳು. ಎಳೆದುಕೊಂಡು ಹೋಗಿ ತೋರಿಸಿದಳು. ಡಾಕ್ಟರು ಎದೆಗೆಲ್ಲ ತಂತಿ ಅಂಟಿಸಿ ನೋಡಿ, “ಕುದುರೆಯ ಹೃದಯ” ಎಂದರು. ಕುದುರೆ ಸರಿ, ಸವಾರ ಯಾರು ಎಂದು ಅವರ ಯಂತ್ರದಲ್ಲಿ ಬರಲಿಲ್ಲ.

ಅಕ್ಕ ಕ್ಷಮೆ ಕೇಳಲೆಂದು ಗಡಿಯಾರದವರ ಹೆಂಡತಿಯ ಹತ್ತಿರ ಹೋದಳು. ಗಂಡ ಸತ್ತ ಮನೆಯ ಮುಂದೆ ದಿನಾ ಹೀಗೆ ನಡೆದರೆ ಯಾರು ತಾನೇ ಸಹಿಸುತ್ತಾರೆ. ಆಕೆ ಬಟ್ಟೆ ಮಡಚುತ್ತಿದ್ದರು. ತಲೆ ಎತ್ತಲಿಲ್ಲ.

“ಯಾರು ಅಂತ ಗೊತ್ತು ಕಣಮ್ಮ. ಅದಕ್ಕೇ ಬಾಗಿಲು ತೆಗೆಯಲ್ಲ. ತೆಗೆದ್ರೆ ನಿನ್ನ ಗಂಡ. ಮುಚ್ಚಿದ್ರೆ ನನ್ನ ಗಂಡ.”

ಅಕ್ಕ ಮೇಲೆ ಬಂದು ನೀರು ಕುಡಿದಳು.

ನಾನು ಕಣ್ಣಾರೆ ಕಂಡದ್ದು ಇನ್ನೊಂದಿದೆ. ಒಂದು ಮಧ್ಯಾಹ್ನ ಭಾವ ನಮ್ಮೆಲ್ಲರನ್ನೂ ಕಣ್ಣುಮುಚ್ಚಿ ನಡೆಸುತ್ತಿದ್ದರು. ಪಾದ ನೆಲಕ್ಕೆ ಎಲ್ಲಿ ತಾಗುತ್ತದೆ, ಉಸಿರು ಎಲ್ಲಿ ತಡೆಯುತ್ತದೆ, ಅದನ್ನಷ್ಟೇ ಗಮನಿಸಿ ಎಂದರು. ಕೆಳಗಿನ ಲಾಂಡ್ರಿಯ ಹಬೆ ಹಲಗೆಯ ಸಂದಿನಿಂದ ಬರುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ನನ್ನ ಎಡ ಹಿಮ್ಮಡಿ ಉಜ್ಜುತ್ತಿದೆ ಎನಿಸಿತು. ಸೋಮಾರಿತನ ಎಂದುಕೊಂಡೆ. ಆದರೆ ಸದ್ದು ನನ್ನೊಬ್ಬಳದಲ್ಲ. ಇಡೀ ಕೋಣೆ ಸರ್, ಸರ್ ಎನ್ನುತ್ತಿತ್ತು. ಮತ್ತೆ ಎಲ್ಲರೂ ಒಟ್ಟಿಗೆ ನಿಂತೆವು. ಯಾರೂ ಹೇಳಿರಲಿಲ್ಲ. ಯಾರೂ ಉಸಿರಾಡಲಿಲ್ಲ. ಆ ನಿಶ್ಶಬ್ದದಲ್ಲಿ ಟಿಕ್, ಟಿಕ್ ಎಂದು ಕೇಳಿತು. ಇಸ್ತ್ರಿಪೆಟ್ಟಿಗೆ ಆರುವ ಸದ್ದು ಎಂದು ಲಾಂಡ್ರಿಯವನು ಆಮೇಲೆ ಹೇಳಿದ. ಅವನ ಮಾತು ನಂಬಲು ನಾನು ಸಿದ್ಧ. ಆದರೆ ನಾನು ಕಣ್ಣು ತೆರೆದಾಗ ಕನ್ನಡಿಯಲ್ಲಿ ಅಷ್ಟೂ ಜನರ ಅಂಗೈ ಎದೆಯ ಮೇಲಿತ್ತು. ಕೆಳಗೆ ನೋಡಿಕೊಂಡೆ, ನನ್ನದೂ.

ಅಕ್ಕನಿಗೆ ಹೇಳಿದೆ. ಅವಳು ಸೆರಗು ಸಿಕ್ಕಿಸಿಕೊಂಡು ಗಂಡನ ಮುಂದೆ ನಿಂತಳು.

“ನಡೀರಿ. ಇವತ್ತು ನಾನು ನಿಮ್ಮ ಹಿಂದೆ.”

“ನಿನಗೆ ಬರಲ್ಲ ಕಣೇ.”

“ಇಷ್ಟು ವರ್ಷ ನಿಮ್ಮ ಜೊತೆ ಹೆಜ್ಜೆ ಹಾಕಿದೀನಿ. ಇದೇನು ಮಹಾ.”

ಅಡುಗೆಮನೆಯಿಂದ ಬಾಗಿಲವರೆಗೆ, ಬಾಗಿಲಿನಿಂದ ಅಡುಗೆಮನೆಗೆ, ಇಬ್ಬರೂ ಒಬ್ಬ ಸತ್ತವನ ಹಾಗೆ ನಡೆದರು. ನಾನು ಕುರ್ಚಿಯ ಮೇಲೆ ಕಾಲು ಎತ್ತಿಟ್ಟುಕೊಂಡು ಕೂತಿದ್ದೆ, ನೆಲ ತಾಗಿಸಲು ಧೈರ್ಯವಾಗದೆ. ಅವರು ನಿಂತಾಗ ಅಕ್ಕನೂ ನಿಂತಳು. ಅವಳ ಮುಖದ ಬಣ್ಣ ಇಳಿಯಿತು.

“ರೀ, ಇದು ಅವರ ನೋವಲ್ಲ. ನಿಮ್ಮದು. ಏನು ಮುಚ್ಚಿಟ್ಟಿದ್ದೀರಿ?”

ಭಾವ ಗೋಡೆಗೆ ಕೈ ಆನಿಸಿದರು. “ಅವತ್ತು ಅವರ ಹಿಂದೆ ನಡೆದಾಗ ಎದೆ ಹಿಂಡಿದ ಹಾಗಾಯ್ತು. ಕೈ ಜೋಮು ಹಿಡೀತು. ಅಣ್ಣನ ಮೇಲಿನ ಸಂಕಟ ಅಂದುಬಿಟ್ಟೆ. ಎಲ್ಲರ ಮೈಯಲ್ಲೂ ಮನಸ್ಸನ್ನೇ ಹುಡುಕಿ ಹುಡುಕಿ ಅಭ್ಯಾಸ ಆಗಿತ್ತು. ಅವರಿಗೆ ‘ಡಾಕ್ಟರ ಹತ್ರ ಹೋಗಿ’ ಅನ್ನಬೇಕಿತ್ತು, ಅನ್ನಲಿಲ್ಲ.”

ಅಕ್ಕ ಸಮಾಧಾನ ಹೇಳಲಿಲ್ಲ. “ಇದನ್ನ ನನಗಲ್ಲ, ಕೆಳಗೆ ಹೋಗಿ ಹೇಳಿ” ಎಂದಳು.

ಕೆಳಗೆ ಹೋಗಿ ಬಾಗಿಲು ತಟ್ಟಿದರು, ಹೇಳಿದರು. ನಾವು ಮೆಟ್ಟಿಲಿನ ತಿರುವಿನಲ್ಲಿ ನಿಂತಿದ್ದೆವು. ಆಕೆ ಬಾಗಿಲ ಚೌಕಟ್ಟು ಹಿಡಿದು ಪೂರ್ತಿ ಕೇಳಿದರು. ಬಯ್ಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ನಾಳೆ ಒಂದು ದಿನ ನಡೀರಿ ಮೇಷ್ಟ್ರೇ,” ಎಂದರು ಕೊನೆಗೆ. “ಆಮೇಲೆ ಬೇಡ.”

ಮರುದಿನ ಸಂಜೆ ಹೆಜ್ಜೆ ಬಂತು. ಮುಚ್ಚಿದ ಬಾಗಿಲ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ನಿಂತಿತು. ಒಳಗೂ ಯಾರೋ ಬಾಗಿಲಿಗೆ ಒರಗಿ ನಿಂತ ಸದ್ದಾಯಿತಂತೆ. ಆಮೇಲೆ ಮೇಲಕ್ಕೆ ಬಂತು. ಭಾವ ಊಟ ಮಾಡದೆ ಮಲಗಿದರು.

ಅದರ ಮಾರನೆಯ ಸಂಜೆ ಅಕ್ಕ ನನ್ನನ್ನು ಜೊತೆಗೆ ಕೂರಿಸಿಕೊಂಡಿದ್ದಳು. ಭಾವನ ಹಳೆಯ ಹೆಜ್ಜೆ ಬರುತ್ತದೋ, ಸತ್ತವರದೇ ಬರುತ್ತದೋ. ಕೆಳಗಿನ ಬೀದಿಬಾಗಿಲು ಕಿರುಗುಟ್ಟಿತು.

ಬಂದದ್ದು ಎರಡೂ ಅಲ್ಲ. ಒಂದು ಹೆಜ್ಜೆ ಭಾರ, ಒಂದು ಹಗುರ. ಬಲಗಾಲನ್ನು ಬೆಂಕಿಯ ಮೇಲಿಟ್ಟಂತೆ ಎತ್ತಿ ಎತ್ತಿ ಇಡುವ ಸದ್ದು. ನಡುವೆ ಹಲ್ಲುಗಳ ಸಂದಿನಿಂದ ಉಸಿರೆಳೆಯುವ ಸುಯ್ ಎಂಬ ದನಿ. ಈ ನಡಿಗೆಯನ್ನು ನಾನಾಗಲಿ ಅಕ್ಕನಾಗಲಿ ಯಾವತ್ತೂ ಕೇಳಿರಲಿಲ್ಲ. ಕೆಳಮನೆಯ ಬಾಗಿಲು ತೆರೆಯಿತು. ಗಡಿಯಾರದವರ ಹೆಂಡತಿ ಹೊರಗೆ ಬಂದು, ಕತ್ತು ಎತ್ತಿ ನೋಡುತ್ತ ನಿಂತರು. ಅಕ್ಕ ಮೆಟ್ಟಿಲ ತುದಿಗೆ ಓಡಿದಳು.

ಭಾವ ಅರ್ಧ ಮೆಟ್ಟಿಲಲ್ಲಿ ಕೂತುಬಿಟ್ಟಿದ್ದರು. ಬಲಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳ ಪಕ್ಕದ ಕೆಂಪು ಬೊಬ್ಬೆಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದರು, ಯಾರೋ ಪರಿಚಯದವರನ್ನು ಬಹಳ ಕಾಲದ ಮೇಲೆ ಕಂಡ ಹಾಗೆ.

“ರೀ,” ಅಕ್ಕ ಬಾಗಿ ನೋಡಿದಳು, “ಇದು ಯಾರ ನಡಿಗೆ?”

ಭಾವ ತಲೆಯೆತ್ತಿದರು.

“ಹೊಸ ಚಪ್ಪಲಿ ಕಣೇ. ಕಚ್ತಾ ಇದೆ.”