ಮಾತು ಬಿಟ್ಟಿದ್ದ ನರ್ಸಮ್ಮ

ಬಿಕ್ಕೋಡಿನ ಸುತ್ತಮುತ್ತ ಕರುಣಮ್ಮನವರನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವರು ನರ್ಸಮ್ಮ. ಕಾಫಿ ತೋಟದ ಕೂಲಿ ಲೈನುಮನೆಗಳ ಅರ್ಧಕ್ಕರ್ಧ ಮಕ್ಕಳು ಕಣ್ಣು ಬಿಟ್ಟದ್ದು ಅವರ ಕೈಯಲ್ಲೇ. ಗಂಡ ಜ್ಞಾನಮಿತ್ರ ತೋಟದ ಜೀಪು ಓಡಿಸುತ್ತಿದ್ದರು.

೧೯೭೬ರಲ್ಲಿ ಅವರ ಒಬ್ಬಳೇ ಮಗಳು, ಒಂಬತ್ತು ವರ್ಷದ ಸುಜಯ, ಮೆದುಳು ಜ್ವರ ಬಂದು ಮೂರೇ ದಿನಕ್ಕೆ ತೀರಿಕೊಂಡಳು. ಮಣ್ಣು ಮಾಡಿ ಬಂದ ದಿನದಿಂದ ಕರುಣಮ್ಮ ಪ್ರಾರ್ಥನೆ ಮಾಡಲಿಲ್ಲ. ಭಾನುವಾರ ಚರ್ಚಿನಲ್ಲಿ ಕೀರ್ತನೆಗೆ ತುಟಿ ತೆರೆಯಲಿಲ್ಲ. ರೊಟ್ಟಿ, ದ್ರಾಕ್ಷಾರಸದ ಪವಿತ್ರ ಭೋಜನಕ್ಕೆ ಏಳಲಿಲ್ಲ. ಆದರೆ ಶನಿವಾರ ಸಂಜೆ ಮಾತ್ರ ತಪ್ಪದೆ ಬಂದು, ಪುಟ್ಟ ದೇವಾಲಯದ ನೆಲ ಗುಡಿಸಿ ಒರೆಸಿ ಹೋಗುತ್ತಿದ್ದರು.

ಎರಡು ವರ್ಷ ನೋಡಿ ಸಭಾಪಾಲಕ ಸತ್ಯದಾಸರು ತಡೆಯಲಾರದೆ ಕೇಳಿದರು: “ಪ್ರಾರ್ಥನೆ ಬೇಡ ಅಂದ್ಮೇಲೆ ಈ ಕೆಲಸ ಯಾಕಮ್ಮ?”

ಕರುಣಮ್ಮ ಒದ್ದೆ ಬಟ್ಟೆ ಹಿಂಡುತ್ತಲೇ ಹೇಳಿದರು: “ಅಯ್ನೋರೇ, ಹೋದ್ವರ್ಷ ನಮ್ಮೆಜಮಾನ್ರ ಮೇಲೆ ಸಿಟ್ಟಾಗಿ ಒಂದ್ ತಿಂಗ್ಳು ಮಾತಾಡ್ಲಿಲ್ಲ. ಹೊತ್ತಿಗ್ ಸರಿಯಾಗಿ ಅಡುಗೆ ಮಾಡ್ದೆ, ಅವ್ರೂ ಉಂಡ್ರು. ತವರಿಗೆ ಹೋದ್ನಾ? ಇಲ್ವಲ್ಲ. ಇವ್ರತ್ರಾನೂ ಅಷ್ಟೇ,” ಎಂದು ಗೋಡೆಯ ಶಿಲುಬೆಯತ್ತ ಕತ್ತು ಹೊರಳಿಸಿದರು. “ಮಾತು ಬಿಟ್ಟಿದೀನಿ, ಮನೆ ಬಿಟ್ಟಿಲ್ಲ.”

ದೇವರಿಗೂ ವಿಶ್ವಾಸಿಗೂ ಇರುವ ಒಡಂಬಡಿಕೆ ಮದುವೆಯಂಥದ್ದೆಂದು ಇಪ್ಪತ್ತು ವರ್ಷ ಬೋಧಿಸಿದ್ದ ಅಯ್ಯನವರು ಪೊರಕೆ ತೆಗೆದುಕೊಂಡು ಹೊರಗಿನ ಮೆಟ್ಟಿಲು ಗುಡಿಸಿದರು.

೧೯೮೦ರ ಒಂದು ಬೇಸಿಗೆ ಮಧ್ಯಾಹ್ನ ತೋಟದ ಆಳು ಗಿಡ್ಡಮ್ಮನಿಗೆ ಹೆರಿಗೆ ಬೇನೆ ಬಂತು. ಮಗುವಿನ ಕಾಲು ಮುಂದಾಗಿತ್ತು; ಹಾಸನಕ್ಕೆ ಸಾಗಿಸುವಷ್ಟು ಹೊತ್ತಿರಲಿಲ್ಲ. ಅಂತೂ ಹೊರಬಂದ ಹೆಣ್ಣುಮಗು ನೀಲಿಗಟ್ಟಿತ್ತು, ಅಳಲಿಲ್ಲ. ಕರುಣಮ್ಮ ಬಾಯಿಗೆ ಬಾಯಿಟ್ಟು ಊದಿದರು, ಬೆನ್ನು ತಿಕ್ಕಿದರು. ತಮಗೇ ಗೊತ್ತಿಲ್ಲದೆ ಕೂಗಿದರು: “ಇದನ್ನೂ ತಗೊಂಡೋಗ್ತೀಯಾ? ಕೊಡಲ್ಲ ಕಣೋ! ಕೊಡಲ್ಲ!”

ಮಗು ಕೆಮ್ಮಿತು. ಆಮೇಲೆ ಲೈನು ಪೂರ್ತಿ ಕೇಳುವಂತೆ ಅತ್ತಿತು.

“ಯಾರ್ನ ಬೈದ್ರಿ ನರ್ಸಮ್ನೋರೇ?” ಗಿಡ್ಡಮ್ಮ ನಿತ್ರಾಣದಲ್ಲೂ ಕೇಳಿದಳು.

“ನಮ್ಮನೆ ದೊಡ್ಡೋರ್ನ,” ಎಂದ ಕರುಣಮ್ಮ ಅಳುತ್ತಲೇ ನಕ್ಕುಬಿಟ್ಟರು.

ಆ ಭಾನುವಾರ ಅವರು ಸಭೆಯಲ್ಲಿ ಎದ್ದು ನಿಂತರು. ಪ್ರಾರ್ಥನೆ ಎನ್ನುವುದಕ್ಕಿಂತ ಅದು ಜಗಳವೇ ಆಗಿತ್ತು. ಮಗಳ ಹೆಸರು ಹೇಳಿ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ, ನಾಲ್ಕು ವರ್ಷದ್ದನ್ನೆಲ್ಲ ಆಡಿದರು. ಯಾರೂ ತಲೆ ಎತ್ತಲಿಲ್ಲ. ಜ್ಞಾನಮಿತ್ರ ಗಂಡಸರ ಸಾಲು ಬಿಟ್ಟು ಬಂದು ಪಕ್ಕದಲ್ಲಿ ನಿಂತರು. ಅಂದು ಇಬ್ಬರೂ ಭೋಜನಕ್ಕೆ ಮೊಣಕಾಲೂರಿದರು.

ಮುಂದೆ ಮದುವೆ ಗೊತ್ತಾದ ಜೋಡಿಗಳನ್ನು ಅಯ್ಯನವರು ಮೊದಲು ನರ್ಸಮ್ಮನ ಮನೆಗೇ ಕಳಿಸತೊಡಗಿದರು. ಅವರು ಉಪದೇಶ ಮಾಡುತ್ತಿರಲಿಲ್ಲ. ಕಾಫಿ ಕೊಟ್ಟು, ಹೆರಿಗೆ ನೋವು ಎಷ್ಟು ಹೊತ್ತು ಇರುತ್ತದೆಂದು ಗಂಡಿಗೆ ಬಿಡಿಸಿ ಹೇಳಿ ಕಳಿಸುತ್ತಿದ್ದರು.