ಅಂಟಿಲ್ಲದ ಕಮಾನು

ಶಿರಾದಲ್ಲಿ ಪಾವಗಡದ ಬಸ್ಸಿಗೆ ಮುಕ್ಕಾಲು ಗಂಟೆ ಇತ್ತು. ನಿಲ್ದಾಣದ ಪಕ್ಕದ ಶಾಲೆಯ ಅಂಗಳಕ್ಕೆ ಮಕ್ಕಳ ಸಂಚಾರಿ ವಿಜ್ಞಾನ ವಸ್ತುಸಂಗ್ರಹಾಲಯ ಬಂದಿತ್ತು, ಒಳಗೆ ಹೋದೆ. ಅಲ್ಲಿ ಮಕ್ಕಳಿಗೊಂದು ಸವಾಲು: ಮೇಲೆ ಹೂಬಳ್ಳಿಯ ಚಿತ್ರವಿದ್ದ ಹದಿಮೂರು ಮರದ ತುಂಡುಗಳನ್ನು ಅಂಟಿಲ್ಲದೆ ಜೋಡಿಸಿ ಕಮಾನು ಕಟ್ಟಬೇಕು, ಅದರ ಮೇಲೆ ನಡೆಯಬೇಕು. ಬೆಳಗಿನಿಂದ ಒಂದು ತಂಡದ್ದೂ ನಿಂತಿರಲಿಲ್ಲ. ಏಳನೇ ತರಗತಿಯ ಹುಡುಗಿಯರದೇ ಕೊನೆಯ ಸರದಿ.

“ಸೆಂಟ್ರಿಂಗ್ ಇಲ್ದೆ ಹೆಂಗ್ರೇ ನಿಲ್ತದೆ? ನಮ್ ಅಬ್ಬಾ ಮೊದ್ಲು ಕೆಳಗೆ ಆಸರೆ ಕೊಡ್ತಾರೆ” ಎಂದಳು ಗಾರೆ ಕೆಲಸದವರ ಮಗಳು ರುಕ್ಸಾನಾ. ಸಾಲಾಗಿಟ್ಟಿದ್ದ ಸ್ಕೂಲ್ ಬ್ಯಾಗುಗಳನ್ನೆಲ್ಲ ತಂದು ಗುಡ್ಡೆ ಹಾಕಿದಳು. ಸಾಲು ಕೆಡಿಸಬೇಡ ಎನ್ನಲು ಹೊರಟವನು, ಏನು ಮಾಡುತ್ತಾಳೋ ನೋಡೋಣವೆಂದು ಹತ್ತಿರ ಹೋದೆ.

“ನನ್ ಟಿಫನ್ ಬಾಕ್ಸ್ ಐತೆ ಕಣೇ, ಅಪ್ಪಚ್ಚಿ ಆಯ್ತದೆ!” ಎಂದು ಗೆಳತಿ ಲಕ್ಷ್ಮಿ ಕೂಗಿದಳು.

“ಚಿತ್ರಾನ್ನ ತಾನೇ? ಸುಮ್ಕಿರೇ.”

ಬಳ್ಳಿಗೆ ಬಳ್ಳಿ ಕೂಡಿಸುತ್ತ, ಗುಡ್ಡೆಯ ಮೇಲೆ ಎರಡೂ ಕಡೆಯಿಂದ ತುಂಡುಗಳನ್ನಿಟ್ಟರು. ನಡುವಿನದು ಬಿಗಿಯಾಗಿ ಕೂತಿತು. ಆಮೇಲೆ ಒಂದೊಂದೇ ಬ್ಯಾಗು ಎಳೆದರು. ಕೊನೆಯದು ಹೊರಬಂದಾಗ ಕಮಾನು ಕಿರ್ರೆಂದು ಕೊಂಚ ತಗ್ಗಿತು. ತುಂಡಿಗೆ ತುಂಡು ಕಚ್ಚಿಕೊಂಡು ನಿಂತೇಬಿಟ್ಟಿತು.

ರುಕ್ಸಾನಾ ಕೈಬೀಸುತ್ತ ದಾಟಿದಳು. ಹಿಂದೆಯೇ ಇಡೀ ತರಗತಿ, ಕೂಗಾಡುತ್ತ.

“ತಾತ, ನೀವೂ ಬನ್ನಿ! ಏನೂ ಆಗಕಿಲ್ಲ!” ಎಂದು ರುಕ್ಸಾನಾ ನನ್ನನ್ನು ಕರೆದಳು.

ಚಪ್ಪಲಿ ಬಿಟ್ಟು ಹತ್ತಿದೆ. ನಟ್ಟನಡುವೆ ನಿಂತು, ಹಿಮ್ಮಡಿಯಿಂದ ಎರಡು ಸಲ ಒತ್ತಿ ನೋಡಿದೆ. ಅಲುಗಲಿಲ್ಲ.